ಹಿಮದಲ್ಲೂ ನಮ್ಮ ಮುಖ ಕಾಣಬೇಕು

(ಸೊಲ್ಲೆಂಟುನಾದಲ್ಲಿ ನಮ್ಮ ಬಳಗದ ಛಾಯಾಗ್ರಹಣ ಆಸಕ್ತರು ಸೇರಿದ್ದಾಗ ಆಡಿದ ಮಾತುಗಳು. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡು ಬರಹಕ್ಕೆ ಇಳಿಸಿದ್ದೇನೆ.)

ಭಾನುವಾರ ಮನೆಯಲ್ಲಿ ಬೆಚ್ಚಗೆ ಕೂತು ಕಾಫಿ ಕುಡಿಯೋದು ಬಿಟ್ಟು, ಮಕ್ಕಳಿಗೆ ಜಾಕೆಟ್ಟು, ಬೂಟು ಹಾಕಿಸಿಕೊಂಡು ಇಷ್ಟು ಜನ ಬಂದಿದ್ದೀರಿ. ಸಂತೋಷ.

ಮೊದಲೇ ಹೇಳಿಬಿಡ್ತೀನಿ, ನಾನು ವೃತ್ತಿಯ ಛಾಯಾಗ್ರಾಹಕ ಅಲ್ಲ. ನಿಮ್ಮ ಹಾಗೆಯೇ ವಾರಕ್ಕೆ ಐದು ದಿನ ದುಡಿದು, ಉಳಿದ ಹೊತ್ತಿನಲ್ಲಿ ಕ್ಯಾಮೆರಾ ಹಿಡಿಯುವವನು. ನಮ್ಮ ರಾಜ್ಯೋತ್ಸವ, ಯುಗಾದಿ, ಮಕ್ಕಳ ಹುಟ್ಟುಹಬ್ಬಗಳಲ್ಲಿ ಮೂಲೆಯಿಂದ ಮೂಲೆಗೆ ಓಡಾಡುವವನು ನಾನೇ. ಆಗ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಯಾವ ಕ್ಯಾಮೆರಾ ತಗೊಳ್ಳಲಿ?" ಅದಕ್ಕೆ ಉತ್ತರ ಹೇಳ್ತೀನಿ, ಆದರೆ ಕೊನೆಗೆ. ಮೊದಲು ಈ ಊರಿನ ಬೆಳಕಿನ ಬಗ್ಗೆ ಮಾತಾಡೋಣ. ಯಾಕೆಂದರೆ ನಮ್ಮ ಕಣ್ಣು ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿನ ಬೆಳಕಿಗೆ ಪಳಗಿದ್ದು. ಇಲ್ಲಿಗೆ ಬಂದ ಮೇಲೆ ಕಣ್ಣು ಹೊಂದಿಕೊಂಡಿದೆ, ಕ್ಯಾಮೆರಾಗೆ ಮಾತ್ರ ನಾವೇ ಹೇಳಿಕೊಡಬೇಕು.

ಬೆಳಕಿನ ಲೆಕ್ಕ

ಒಂದು ಲೆಕ್ಕ ನೋಡಿ. ಸೊಲ್ಲೆಂಟುನಾ ಇರುವುದು ಸುಮಾರು 59.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಬೆಂಗಳೂರು 13 ಡಿಗ್ರಿಯಲ್ಲಿ. ಜೂನ್ 21ರ ಸುಮಾರಿಗೆ, ಅಂದರೆ ವರ್ಷದಲ್ಲೇ ಸೂರ್ಯ ಅತಿ ಮೇಲೆ ಬರುವ ದಿನ, ಇಲ್ಲಿ ನಡುಹಗಲಿನಲ್ಲಿ ಅವನ ಎತ್ತರ ಸುಮಾರು 54 ಡಿಗ್ರಿ. ಬೆಂಗಳೂರಿನಲ್ಲಿ ಸೂರ್ಯ ಅತಿ ಕೆಳಗಿರುವ ಡಿಸೆಂಬರ್ 21ರ ನಡುಹಗಲಿನಲ್ಲೂ ಎತ್ತರ ಹತ್ತಿರ ಹತ್ತಿರ 54 ಡಿಗ್ರಿಯೇ! ಇಲ್ಲಿಯ ಅತಿ ಎತ್ತರದ ಸೂರ್ಯ ಅಲ್ಲಿಯ ಅತಿ ತಗ್ಗಿನ ಸೂರ್ಯನಿಗೆ ಸಮ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ವಾರದಲ್ಲೊಮ್ಮೆ, ಆಗಸ್ಟ್ ನಡುವಿನಲ್ಲೊಮ್ಮೆ ಸೂರ್ಯ ನೇರ ನೆತ್ತಿಯ ಮೇಲೆ ಬಂದು ನೆರಳೇ ಕಾಲಡಿ ಸೇರಿಕೊಳ್ಳುತ್ತದೆ. ಇಲ್ಲಿ ಅಂಥ ದಿನ ಬರೋದೇ ಇಲ್ಲ.

ಇನ್ನು ಇಲ್ಲಿಯ ಡಿಸೆಂಬರ್. ಬೆಳಗ್ಗೆ ಮುಕ್ಕಾಲು ಒಂಬತ್ತರ ಹೊತ್ತಿಗೆ ಸೂರ್ಯ ಹುಟ್ಟಿ, ಮಧ್ಯಾಹ್ನ ಮೂರಕ್ಕೆ ಮೊದಲೇ ಮುಳುಗಿರುತ್ತಾನೆ. ನಡುಹಗಲಿನಲ್ಲೂ ಏರುವುದು 7 ಡಿಗ್ರಿ ಮಾತ್ರ. ಕೈ ನೀಳವಾಗಿ ಚಾಚಿ ಮುಷ್ಟಿ ಹಿಡಿದರೆ ಆ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಅಂದರೆ ಡಿಸೆಂಬರ್‌ನ ಸೂರ್ಯ ಒಂದು ಮುಷ್ಟಿಯಷ್ಟೂ ಮೇಲೇಳುವುದಿಲ್ಲ. ಐದೂವರೆ ಅಡಿ ಎತ್ತರದ ಮನುಷ್ಯನ ನೆರಳು ಮಧ್ಯಾಹ್ನ ಹನ್ನೆರಡಕ್ಕೇ ಸುಮಾರು 44 ಅಡಿ ಉದ್ದ ಬೀಳುತ್ತೆ!

ಇದರಿಂದ ನಮಗೇನು ಅಂತೀರಾ? ಊರಿನಲ್ಲಿ ಫೋಟೋ ಹುಚ್ಚಿರುವವರು ಬೆಳಗ್ಗೆ ಆರಕ್ಕೆದ್ದು ಲಾಲ್‌ಬಾಗಿಗೆ ಓಡ್ತಾರೆ, ಆ ಎಳೆಬಿಸಿಲಿನ ಚಿನ್ನದ ಬಣ್ಣ ಒಂದು ಗಂಟೆಯಲ್ಲಿ ಹೋಗಿಬಿಡುತ್ತೆ ಅಂತ. ಇಲ್ಲಿ ಚಳಿಗಾಲದಲ್ಲಿ ಮೋಡ ಇಲ್ಲದ ದಿನ ಸಿಕ್ಕರೆ ಇಡೀ ಹಗಲೇ ಎಳೆಬಿಸಿಲು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಹೊರಗೆ ಹೋದರೂ ಆ ಬೆಳಕು ಸಿಗುತ್ತೆ. ಬೇಸಿಗೆಯಲ್ಲಾದರೆ ನಡುಹಗಲಿನ ಬಿಸಿಲು ಬಿರುಸು, ಆಗ ಮರದ ನೆರಳಿಗೆ ಹೋಗಿ. ಜೂನ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತರ ಮೇಲೆ. ರಾತ್ರಿಯ ಊಟ ಮುಗಿಸಿ ಎಂಟೂವರೆಗೆ ಎಡ್ಸ್‌ವಿಕೆನ್ ದಡಕ್ಕೆ ಹೋದರೂ ಸಾಕು, ಒಳ್ಳೆಯ ಬೆಳಕು ಕಾದಿರುತ್ತದೆ.

ಹಿಮ ಕ್ಯಾಮೆರಾವನ್ನು ಹೇಗೆ ಮೋಸಗೊಳಿಸುತ್ತದೆ

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ನಮ್ಮಲ್ಲಿ ಎಷ್ಟೋ ಜನ ಮೊದಲ ಹಿಮ ಬಿದ್ದ ದಿನ ಮಗುವನ್ನು ಹೊರಗೆ ನಿಲ್ಲಿಸಿ ಫೋಟೋ ತೆಗೆದು ಊರಿಗೆ ಕಳಿಸಿದ್ದೇವೆ. ಆ ಕಡೆಯಿಂದ ಅಜ್ಜಿ ಏನಂತಾರೆ? "ಹಿಮ ಚೆನ್ನಾಗಿದೆ ಕಣಪ್ಪಾ, ಮಗೂ ಮುಖಾನೇ ಕಾಣಲ್ವಲ್ಲೋ!" ಅಂತಾರೆ. ಅವರು ಆ ಫೋಟೋ ತೆರೆದದ್ದೇ ಮಗುವಿನ ಮುಖ ನೋಡಲಿಕ್ಕೆ. ಕೆನ್ನೆ ತುಂಬಿದೆಯಾ, ಇಳಿದಿದೆಯಾ, ಹಲ್ಲು ಬಂತಾ, ನಗ್ತಿದೆಯಾ, ಇವೇ ಅವರಿಗೆ ಬೇಕಾದ ಸುದ್ದಿ. ಅದೇ ಇಲ್ಲದಿದ್ದರೆ ಹಿಮ ಕಟ್ಟಿಕೊಂಡು ಅವರೇನು ಮಾಡ್ತಾರೆ?

ಇದು ಯಾಕೆ ಹೀಗಾಗುತ್ತೆ ಅಂತ ತಿಳಿದುಕೊಂಡರೆ ಪರಿಹಾರ ಸುಲಭ. ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರ್ ಇದೆಯಲ್ಲ, ಅದಕ್ಕೆ ಎದುರಿಗಿರುವುದು ಹಿಮವೋ, ಹುಲ್ಲೋ, ಕರಿ ಕಂಬಳಿಯೋ ಅಂತ ತಾನಾಗಿ ಗೊತ್ತಾಗುವುದಿಲ್ಲ. ಎದುರಿನ ದೃಶ್ಯವೆಲ್ಲ ಸರಾಸರಿಯಲ್ಲಿ ನಡುವಿನ ಬೂದು ಬಣ್ಣ, ಬಿದ್ದ ಬೆಳಕಿನಲ್ಲಿ ಸುಮಾರು ಶೇ. 18ರಷ್ಟನ್ನು ಹಿಂದಕ್ಕೆ ಕಳಿಸುತ್ತದೆ ಎಂಬ ಅಂದಾಜಿನ ಮೇಲೆ ಅದು ಕೆಲಸ ಮಾಡುತ್ತೆ. ಆದರೆ ಹೊಸ ಹಿಮ ಶೇ. 80ಕ್ಕಿಂತ ಹೆಚ್ಚು ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ. ಕ್ಯಾಮೆರಾ "ಅಬ್ಬಾ, ಬೆಳಕು ಜಾಸ್ತಿಯಾಯ್ತು" ಅಂದುಕೊಂಡು ಎಲ್ಲವನ್ನೂ ತಗ್ಗಿಸಿಬಿಡುತ್ತದೆ. ಹಿಮ ಬೂದಿಯಂತಾಗುತ್ತದೆ, ಗೋಧಿ ಬಣ್ಣದ, ಕಂದು ಬಣ್ಣದ ನಮ್ಮ ಮುಖಗಳು ಕತ್ತಲಿಗೆ ಹೋಗುತ್ತವೆ. ಕಣ್ಣು, ಹುಬ್ಬು, ನಗು ಎಲ್ಲ ಅದರಲ್ಲಿ ಮುಳುಗಿಹೋಗುತ್ತದೆ.

ಪರಿಹಾರಕ್ಕೆ ಕಾಸು ಖರ್ಚಿಲ್ಲ. ಕ್ಯಾಮೆರಾದಲ್ಲಿ ಪ್ಲಸ್ ಮೈನಸ್ ಗುರುತಿರುವ ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಗುಂಡಿ ಇರುತ್ತೆ. ಹಿಮದಲ್ಲಿ ಅದನ್ನು ಪ್ಲಸ್ 1ಕ್ಕೆ ಇಡಿ. ಬಿಸಿಲು ಹೊಳೆಯುವ ದಿನ ಚೌಕಟ್ಟಿನ ತುಂಬಾ ಹಿಮವೇ ಇದ್ದರೆ ಪ್ಲಸ್ 1.7ರವರೆಗೂ ಬೇಕಾಗಬಹುದು. ಫೋನಿನಲ್ಲಾದರೆ ಪರದೆಯ ಮೇಲೆ ಮಗುವಿನ ಮುಖ ಇರುವ ಕಡೆ ಬೆರಳಿನಿಂದ ಮುಟ್ಟಿ. ಪುಟ್ಟ ಸೂರ್ಯನ ಗುರುತು ಬರುತ್ತದೆ. ಬೆರಳನ್ನು ಹಾಗೇ ಮೇಲಕ್ಕೆ ಎಳೆಯಿರಿ. ಮುಖ ಬೆಳಗುವವರೆಗೂ ಎಳೆದು ಆಮೇಲೆ ಒತ್ತಿ. ಕೆಲವು ಫೋನುಗಳಲ್ಲಿ ಸೂರ್ಯನ ಬದಲು ಒಂದು ಗೆರೆ ಇರುತ್ತೆ, ಕೆಲಸ ಅದೇ. ಮುಟ್ಟಿ ಸ್ವಲ್ಪ ಹೊತ್ತು ಹಿಡಿದುಕೊಂಡರೆ ಬೆಳಕಿನ ಅಳತೆ ಬೀಗ ಹಾಕಿದ ಹಾಗೆ ನಿಂತುಬಿಡುತ್ತೆ, ಮಗು ಓಡಾಡಿದರೂ ಬದಲಾಗುವುದಿಲ್ಲ.

ಇನ್ನೊಂದು ಉಪಾಯ. ತಗ್ಗಿನ ಸೂರ್ಯ ಎದುರಿಗಿದ್ದರೆ ಎಲ್ಲರೂ ಕಣ್ಣು ಕಿರಿದು ಮಾಡಿಕೊಂಡು ನಿಲ್ತಾರೆ. ಅವರನ್ನು ತಿರುಗಿಸಿ, ಸೂರ್ಯನಿಗೆ ಬೆನ್ನು ಮಾಡಿ ನಿಲ್ಲಿಸಿ. ಹಿಮದ ಮೇಲೆ ಬಿದ್ದ ಬೆಳಕು ಕೆಳಗಿನಿಂದ ಮುಖಕ್ಕೆ ಪುಟಿಯುತ್ತದೆ. ಸ್ಟುಡಿಯೋದವರು ಬಿಳಿ ಹಲಗೆ ಹಿಡಿದು ಮಾಡುವ ಕೆಲಸವನ್ನು ಇಲ್ಲಿ ನೆಲವೇ ಮಾಡಿಕೊಡುತ್ತೆ. ಕೂದಲ ಅಂಚಿನಲ್ಲಿ ಚಿನ್ನದ ಗೆರೆ, ಮುಖದ ಮೇಲೆ ಮೆತ್ತನೆಯ ಬೆಳಕು. ಪ್ಲಸ್ 1 ಹಾಕೋದು ಮಾತ್ರ ಮರೀಬೇಡಿ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ನಾನು ಮುಖವನ್ನು ಬೆಳ್ಳಗೆ ಮಾಡಿ ಅಂತ ಹೇಳ್ತಿಲ್ಲ. ಕೆಲವು ಫೋನುಗಳಲ್ಲಿ ಬ್ಯೂಟಿ ಫಿಲ್ಟರ್ ಅಂತ ತಾನೇ ಹೊತ್ತಿಕೊಂಡಿರುತ್ತೆ, ಮಕ್ಕಳ ಚರ್ಮವನ್ನು ಹಾಲಿನಲ್ಲಿ ಅದ್ದಿದ ಹಾಗೆ ಮಾಡಿಬಿಡುತ್ತದೆ. ಅದನ್ನು ಮೊದಲು ಆರಿಸಿ. ಇರುವ ಬಣ್ಣ ಇರುವ ಹಾಗೆ, ಅದರ ಕಾಂತಿಯೊಂದಿಗೆ ಬರಬೇಕು. ಇದಕ್ಕೊಂದು ಇತಿಹಾಸವೂ ಇದೆ. ಬಣ್ಣದ ಫಿಲ್ಮ್ ಕಾಲದಲ್ಲಿ, 1950ರ ದಶಕದಿಂದ, ಬಣ್ಣ ಸರಿಯಿದೆಯಾ ಅಂತ ನೋಡಲು ಕೊಡಾಕ್ ಕಂಪನಿ ಲ್ಯಾಬುಗಳಿಗೆ ಒಂದು ಮಾದರಿ ಚಿತ್ರ ಕಳಿಸುತ್ತಿತ್ತು. ಶರ್ಲಿ ಕಾರ್ಡ್ ಅಂತ ಹೆಸರು. ಅದರಲ್ಲಿ ಇದ್ದದ್ದು ಬಿಳಿ ಚರ್ಮದ ಹೆಣ್ಣುಮಗಳು. ಅವಳ ಚರ್ಮ ಚೆನ್ನಾಗಿ ಬಂದರೆ ಫೋಟೋ ಸರಿ ಅಂತ ಲೆಕ್ಕ. ಬೇರೆ ಬೇರೆ ಮೈಬಣ್ಣದವರನ್ನು ಸೇರಿಸಿದ ಕಾರ್ಡು ಬರಲು 1990ರ ದಶಕವೇ ಆಗಬೇಕಾಯಿತು. ಫೋನುಗಳ ವಿಷಯದಲ್ಲೂ ಹಾಗೇ. ಗೂಗಲ್ ತನ್ನ ಪಿಕ್ಸೆಲ್ 6 ಫೋನಿನೊಂದಿಗೆ ಗಾಢ ಮೈಬಣ್ಣಗಳನ್ನು ಸರಿಯಾಗಿ ತೋರಿಸುವ ರಿಯಲ್ ಟೋನ್ ಎಂಬ ವ್ಯವಸ್ಥೆ ತಂದದ್ದು 2021ರಲ್ಲಿ. ಆದ್ದರಿಂದ ಯಂತ್ರ ತಾನಾಗಿ ಆರಿಸಿದ್ದೇ ಸರಿ ಅಂತ ನಂಬಿ ಕೂರಬೇಡಿ. ಪರದೆಯಲ್ಲಿ ಮುಖ ನೋಡಿ, ನೀವೇ ತೀರ್ಮಾನ ಮಾಡಿ.

ನೀಲಿ ಹೊತ್ತು, ಹಳದಿ ದೀಪ

ಬೆಂಗಳೂರಿನಲ್ಲಿ ಸೂರ್ಯ ನೆಟ್ಟಗೆ ಇಳಿಯುತ್ತಾನೆ, ಅರ್ಧ ಗಂಟೆಯೊಳಗೆ ಕತ್ತಲು. ಇಲ್ಲಿ ಓರೆಯಾಗಿ ಜಾರುತ್ತಾನೆ. ಡಿಸೆಂಬರ್‌ನಲ್ಲೂ ಸೂರ್ಯ ಮುಳುಗಿದ ಮೇಲೆ ಮುಕ್ಕಾಲು ಗಂಟೆಯಷ್ಟು ಹೊತ್ತು ಆಕಾಶದಲ್ಲಿ ನೀಲಿ ಬೆಳಕು ನಿಂತಿರುತ್ತದೆ. ಅಡ್ವೆಂಟ್ ಶುರುವಾದ ಮೇಲೆ ಕಿಟಕಿ ಕಿಟಕಿಯಲ್ಲೂ ದೀಪದ ಕಮಾನು, ಕಾಗದದ ನಕ್ಷತ್ರ. ಹೊರಗೆ ನೀಲಿ, ಒಳಗೆ ಹಳದಿ. ಮಧ್ಯಾಹ್ನ ಮೂರರಿಂದ ಮೂರೂವರೆಯೊಳಗೆ ಎಡ್ಸ್‌ಬೆರ್ಗ್ ಅರಮನೆಯ ಕಡೆ, ಇಲ್ಲವೇ ನಿಮ್ಮದೇ ಬೀದಿಯಲ್ಲಿ ನಿಂತು ನೋಡಿ.

ಈ ಹೊತ್ತಿನಲ್ಲಿ ವೈಟ್ ಬ್ಯಾಲೆನ್ಸನ್ನು ಆಟೋದಲ್ಲಿ ಬಿಟ್ಟರೆ ಕ್ಯಾಮೆರಾ ನೀಲಿಯನ್ನೂ ಹಳದಿಯನ್ನೂ ತೊಳೆದು ಸಪ್ಪೆ ಮಾಡಿಬಿಡುತ್ತದೆ. 'ಡೇಲೈಟ್'ಗೆ ಇಡಿ, ಎರಡು ಬಣ್ಣವೂ ಉಳಿಯುತ್ತವೆ. ಅದೇ ಹಗಲಿನಲ್ಲಿ, ಹಿಮದ ನೆರಳಿನಲ್ಲಿ ನಿಂತವರ ಮುಖ ನೀಲಿಗಟ್ಟಿದಂತೆ ಬಂದರೆ 'ಕ್ಲೌಡಿ' ಅಥವಾ 'ಶೇಡ್'ಗೆ ತಿರುಗಿಸಿ, ಮುಖಕ್ಕೆ ಬಿಸುಪು ಬರುತ್ತೆ. ಇನ್ನೊಂದು, ಇಲ್ಲಿ ಎಲ್ಲರದೂ ಕರಿ ಜಾಕೆಟ್ಟೇ. ಫೋಟೋಗೆ ನಿಲ್ಲುವಾಗ ಕುತ್ತಿಗೆಗೊಂದು ಹಳದಿಯೋ ಕೆಂಪೋ ಶಾಲು ಸುತ್ತಿಕೊಳ್ಳಿ. ನಮ್ಮ ಬಾವುಟದ ಬಣ್ಣ, ಹಿಮದಲ್ಲಿ ಎದ್ದು ಕಾಣುತ್ತದೆ!

ಸಭಾಂಗಣದೊಳಗೆ

ನಮ್ಮ ಕಾರ್ಯಕ್ರಮಗಳು ನಡೆಯುವುದು ಬಾಡಿಗೆಯ ಶಾಲಾ ಸಭಾಂಗಣಗಳಲ್ಲಿ. ಬೆಳಕು ಕಮ್ಮಿ, ಮಕ್ಕಳು ಕುಣೀತಾರೆ. ಇಲ್ಲಿ ಮೊದಲು ನೋಡಬೇಕಾದದ್ದು ಶಟರ್ ವೇಗ. ಭಾಷಣ ಮಾಡುವವರಿಗೆ, ಹಾಡುವವರಿಗೆ ಸೆಕೆಂಡಿನ 1/100 ಸಾಕು. ಕೋಲಾಟ, ಡೊಳ್ಳು ಅಂದರೆ 1/250 ಬೇಕು, ಜಿಗಿತ ಹಿಡಿಯಬೇಕಾದರೆ 1/500. ಅದಕ್ಕೆ ಬೆಳಕು ಸಾಲದಿದ್ದರೆ ಐಎಸ್‌ಒ 3200ಕ್ಕೆ, 6400ಕ್ಕೆ ಏರಿಸಲು ಹೆದರಬೇಡಿ. ಚಿತ್ರದಲ್ಲಿ ಸ್ವಲ್ಪ ಮರಳು ಚೆಲ್ಲಿದ ಹಾಗೆ ಕಾಣಬಹುದು. ಆದರೆ ಅಲುಗಾಡಿ ಕಲಸಿಹೋದ ಮುಖವನ್ನು ಯಾವ ಸಾಫ್ಟ್‌ವೇರ್‌ನಿಂದಲೂ ನೆಟ್ಟಗೆ ಮಾಡಲಾಗದು, ಈ ಮರಳನ್ನು ತಕ್ಕಮಟ್ಟಿಗೆ ಅಳಿಸಬಹುದು.

ಫೋಟೋದಲ್ಲಿ ಅಡ್ಡಪಟ್ಟಿಗಳು ಬಂದರೆ ಕ್ಯಾಮೆರಾ ಕೆಟ್ಟಿದೆ ಅಂತ ಗಾಬರಿಯಾಗಬೇಡಿ. ಊರಿನ ಹಾಗೆ ಇಲ್ಲಿಯೂ ವಿದ್ಯುತ್ 50 ಹರ್ಟ್ಸ್, ಕೆಲವು ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರನ್ನು 1/100 ಅಥವಾ 1/50ಕ್ಕೆ ತಂದರೆ ಪಟ್ಟಿ ಹೋಗುತ್ತದೆ. ವೇಗ ಬೇಕೇ ಬೇಕು ಅಂದಾಗ, ಇದ್ದರೆ ಆಂಟಿ-ಫ್ಲಿಕರ್ ಆಯ್ಕೆ ಬಳಸಿ.

ದೂರದಿಂದ ಫ್ಲಾಶ್ ಹೊಡೆಯುವುದು ಬೇಡ. ಕ್ಯಾಮೆರಾದ ಮೇಲಿನ ಪುಟ್ಟ ಫ್ಲಾಶ್ ಕೆಲವು ಅಡಿಗಳಾಚೆ ತಲುಪೋದಿಲ್ಲ, ಮುಂದಿನ ಸಾಲಿನವರ ತಲೆ ಮಾತ್ರ ಬೆಳಗುತ್ತದೆ. ಬದಲಿಗೆ ನೀವೇ ಹತ್ತಿರ ಹೋಗಿ, ಮಂಡಿಯೂರಿ. ಮಕ್ಕಳ ಕಣ್ಣಿನ ಮಟ್ಟಕ್ಕೆ ಕ್ಯಾಮೆರಾ ಇಳಿಯಲಿ.

ಹಾಗಾದರೆ ಯಾವ ಕ್ಯಾಮೆರಾ?

ಈಗ ಆ ಪ್ರಶ್ನೆ. ಕೈಯಲ್ಲಿರುವ ಫೋನು ಹಗಲಿನ ಬೆಳಕಿಗೆ ಸಾಕು. ಹಾಗೂ ಕೊಳ್ಳಲೇಬೇಕು ಅನ್ನಿಸಿದರೆ, ಹಣವನ್ನು ಮೆಗಾಪಿಕ್ಸೆಲ್ಲಿಗೆ ಹಾಕಬೇಡಿ, ಲೆನ್ಸಿಗೆ ಹಾಕಿ. ಲೆನ್ಸು ಬದಲಿಸಬಹುದಾದ ಕ್ಯಾಮೆರಾ ಇದ್ದವರಿಗೆ ನಾನು ಮೊದಲು ಹೇಳುವುದು ಎಫ್ 1.8ರ ಒಂದು ಲೆನ್ಸ್. ದೊಡ್ಡ ಸೆನ್ಸರ್ ಇದ್ದರೆ 50 ಎಂಎಂ, ಚಿಕ್ಕ ಎಪಿಎಸ್-ಸಿ ಸೆನ್ಸರ್ ಇದ್ದರೆ 35 ಎಂಎಂ. ಕ್ಯಾಮೆರಾದ ಜೊತೆ ಬರುವ ಜೂಮ್ ಲೆನ್ಸನ್ನು ಪೂರ್ತಿ ಎಳೆದಾಗ ಸಾಮಾನ್ಯವಾಗಿ ಎಫ್ 5.6 ಇರುತ್ತೆ. ಎಫ್ 1.8 ಅದಕ್ಕಿಂತ ಒಂಬತ್ತು ಪಟ್ಟಿಗೂ ಹೆಚ್ಚು ಬೆಳಕು ಒಳಗೆ ಬಿಡುತ್ತದೆ. ಆರು ತಿಂಗಳು ಕತ್ತಲಿರುವ ಊರಿನಲ್ಲಿ ಇದಕ್ಕಿಂತ ಬೇರೆ ಲಾಭ ಬೇಕಾ?

ಹೊಸದೇ ಆಗಬೇಕು ಅಂತಿಲ್ಲ. ಬ್ಲಾಕೆಟ್‌ನಲ್ಲಿ ಇಲ್ಲಿಯವರು ಮಾರುವ ಹಳೆಯ ಸಾಮಾನು ಒಳ್ಳೆಯ ಸ್ಥಿತಿಯಲ್ಲೇ ಸಿಗುತ್ತದೆ. ಕೈಗೆತ್ತಿಕೊಂಡು ನೋಡಿ ಕೊಳ್ಳಿ. ಲೆನ್ಸಿನ ಒಂದು ಕಡೆಯಿಂದ ಟಾರ್ಚು ಬಿಟ್ಟು ಇನ್ನೊಂದು ಕಡೆಯಿಂದ ಇಣುಕಿ, ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು, ಬಿಟ್ಟುಬಿಡಿ. ಕರಾವಳಿಯಿಂದ, ಮಲೆನಾಡಿನಿಂದ ಹಳೆಯ ಲೆನ್ಸು ತಂದವರೂ ಒಮ್ಮೆ ಹೀಗೆ ನೋಡಿಕೊಳ್ಳಿ. ಅಲ್ಲಿಯ ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯೋದು ಸಹಜ.

ಇಲ್ಲಿಯ ತೊಂದರೆ ಬೇರೆ. ಚಳಿಯಲ್ಲಿ ಬ್ಯಾಟರಿ ಬೇಗ ಸೋಲುತ್ತದೆ. ಇನ್ನೊಂದು ಬ್ಯಾಟರಿಯನ್ನು ಒಳಜೇಬಿನಲ್ಲಿ, ಮೈಗೆ ತಾಗಿದಂತೆ ಇಟ್ಟುಕೊಳ್ಳಿ. ಸತ್ತಂತಾದ ಬ್ಯಾಟರಿಯೂ ಬೆಚ್ಚಗಾದ ಮೇಲೆ ಸ್ವಲ್ಪ ಜೀವ ತಾಳುತ್ತೆ. ಮೈನಸ್ 10ರಿಂದ ನೇರ ಬಿಸಿ ಮನೆಯೊಳಗೆ ಕ್ಯಾಮೆರಾ ತಂದರೆ, ಫ್ರಿಜ್ಜಿನಿಂದ ತೆಗೆದ ಚೊಂಬಿನ ಹಾಗೆ ಅದರ ಮೈಮೇಲೆಲ್ಲ, ಒಳಗೂ ನೀರಿನ ಹನಿ ಕಟ್ಟುತ್ತದೆ. ಅದಕ್ಕೆ ಹೊರಗಿರುವಾಗಲೇ ಮೆಮೊರಿ ಕಾರ್ಡು ತೆಗೆದುಕೊಂಡು, ಕ್ಯಾಮೆರಾವನ್ನು ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ ಒಳಗೆ ತನ್ನಿ. ಒಂದೆರಡು ಗಂಟೆ ಬಿಟ್ಟು ಬಿಚ್ಚಿ. ಹನಿ ಕಟ್ಟಿದರೂ ಚೀಲದ ಹೊರಗೆ ಕಟ್ಟುತ್ತದೆ.

ಸಲಕರಣೆಯ ಮಾತು ಬಂದಾಗ ಇದೇ ದೇಶದ ಒಂದು ಸಂಗತಿ ನೆನಪಿಗೆ ಬರುತ್ತೆ. 1969ರಲ್ಲಿ ಅಪೊಲೊ 11ರವರು ಚಂದ್ರನ ಮೇಲೆ ಬಳಸಿದ್ದು ಯೊತೆಬೊರಿಯ ಹ್ಯಾಸೆಲ್‌ಬ್ಲಾಡ್ ಕ್ಯಾಮೆರಾ. ವಾಪಸು ಬರುವಾಗ ಭಾರ ಕಮ್ಮಿ ಮಾಡಲು ಆ ಕ್ಯಾಮೆರಾವನ್ನು ಅಲ್ಲೇ ಬಿಟ್ಟು, ಫಿಲ್ಮ್ ಮಾತ್ರ ತಂದರು. ನಮಗೂ ಕೊನೆಗೆ ಮನೆಗೆ ತರಬೇಕಾದದ್ದು ಚಿತ್ರವೇ.

ಯಾರ ಚಿತ್ರ?

ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ ಅವರನ್ನು ನೀವು ಬಲ್ಲಿರಿ. 1923ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡ ಅವರು ಬದುಕಿಡೀ ಹುಡುಕಿದ್ದು ಸಾಮಾನ್ಯ ಜನರ ಮುಖಗಳನ್ನು, ಅದರಲ್ಲೂ ಮಕ್ಕಳನ್ನು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳ ಪ್ರದರ್ಶನ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ನಡೆಯಿತು. ಈ ದೇಶದಲ್ಲಿ ಸೂನೆ ಯೋನ್ಸನ್ ಅಂತ ಒಬ್ಬರಿದ್ದರು, ಅವರೂ 2009ರಲ್ಲೇ ತೀರಿಕೊಂಡರು. ಉತ್ತರದ ವೆಸ್ತೆರ್‌ಬೊಟ್ಟೆನ್ ಪ್ರಾಂತ್ಯದ ಸಣ್ಣ ರೈತರನ್ನು, ಅವರ ಅಡುಗೆಮನೆ, ಹಟ್ಟಿಗಳನ್ನು ದಶಕಗಳ ಕಾಲ ಚಿತ್ರಿಸಿದರು. ಜನ ಕೆಲಸ ಹುಡುಕಿಕೊಂಡು ದಕ್ಷಿಣಕ್ಕೆ ಹೊರಟು ಹಳ್ಳಿಗಳು ಖಾಲಿಯಾಗುತ್ತಿದ್ದ ಕಾಲ ಅದು. ಅವರು ಚಿತ್ರದ ಜೊತೆ ಬರಹವನ್ನೂ ಇಟ್ಟರು, ಆ ಜನರ ಬದುಕಿನ ಕತೆಯನ್ನು ಬರೆದಿಟ್ಟರು. 1993ರಲ್ಲಿ ಅವರಿಗೆ ಹ್ಯಾಸೆಲ್‌ಬ್ಲಾಡ್ ಪ್ರಶಸ್ತಿ ಬಂತು.

ನಾವೂ ಕೆಲಸ ಹುಡುಕಿಕೊಂಡು ಹೊರಟವರೇ ಅಲ್ವಾ? ನಮ್ಮ ಈ ವರ್ಷಗಳನ್ನು ಯಾರು ಚಿತ್ರಿಸಿಡ್ತಾರೆ? ಸ್ಟಾಕ್‌ಹೋಮಿನ ಚೆರ್ರಿ ಹೂವನ್ನು ಸಾವಿರ ಜನ ತೆಗೀತಾರೆ. ಬೆಳಗಿನ ಜಾವದ ಪೆಂಡೆಲ್‌ಟೋಗ್ ರೈಲಿನಲ್ಲಿ ತೂಕಡಿಸುವ ಗೆಳೆಯ, ಕಿಟಕಿಯ ಪಕ್ಕ ಕರಿಬೇವಿನ ಕುಂಡಕ್ಕೆ ನೀರು ಹಾಕುವ ಹೆಂಡತಿ, ಹೋಟೆಲ್ ಕೆಲಸ ಮುಗಿಸಿ ಬಂದು ಬೂಟು ಬಿಚ್ಚುತ್ತಿರುವ ಅಣ್ಣ, ಮೂರು ತಿಂಗಳಿಗೆಂದು ಬಂದು ಹಿಮವನ್ನೇ ನೋಡುತ್ತಾ ಕೂತ ಅಪ್ಪ, ಇವನ್ನು ನಾವಲ್ಲದೆ ಬೇರೆ ಯಾರೂ ತೆಗೆಯೋದಿಲ್ಲ.

ಆದರೆ ಕೇಳಿ ತೆಗೆಯಿರಿ. ಪ್ರಿಸ್ಕೂಲಿನ ಅಂಗಳದಲ್ಲಿ ಬೇರೆಯವರ ಮಕ್ಕಳು ಚೌಕಟ್ಟಿನೊಳಗೆ ಬರುವ ಹಾಗಿದ್ದರೆ ಕ್ಯಾಮೆರಾ ಇಳಿಸಿ, ಅಲ್ಲಿಯವರನ್ನು ಕೇಳಿ. ಮನೆಯೊಳಗೆ, ಬಟ್ಟೆ ಬದಲಿಸುವ ಕೋಣೆಯಂಥ ಕಡೆ ಒಬ್ಬರನ್ನು ಒಪ್ಪಿಗೆಯಿಲ್ಲದೆ ಗುಟ್ಟಾಗಿ ಚಿತ್ರಿಸುವುದು 2013ರಿಂದ ಇಲ್ಲಿ ಅಪರಾಧ. ಕಾನೂನು ಇರಲಿ ಬಿಡಲಿ, ನಮ್ಮವರ ಫೋಟೋವನ್ನೂ ಗುಂಪಿಗೆ ಹಾಕುವ ಮುಂಚೆ ಒಂದು ಮಾತು ಕೇಳುವುದು ಮರ್ಯಾದೆ.

ಉಳಿಸಿಕೊಳ್ಳೋದು

ಕೊನೆಯದಾಗಿ, ತೆಗೆದದ್ದನ್ನು ಉಳಿಸಿಕೊಳ್ಳೋದು. ಮೊದಲು ಕ್ಯಾಮೆರಾದ ಗಡಿಯಾರ ನೋಡಿ. ಊರಿಗೂ ಇಲ್ಲಿಗೂ ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ, ಬೇಸಿಗೆಯಲ್ಲಿ ಮೂರೂವರೆ ಗಂಟೆ ವ್ಯತ್ಯಾಸ. ಕ್ಯಾಮೆರಾ ಭಾರತದ ಸಮಯದಲ್ಲೇ ಇದ್ದು ಫೋನು ಇಲ್ಲಿಯ ಸಮಯದಲ್ಲಿದ್ದರೆ, ಎರಡನ್ನೂ ಸೇರಿಸಿದಾಗ ಊಟದ ಫೋಟೋ ದೀಪ ಹಚ್ಚುವುದಕ್ಕಿಂತ ಮೊದಲು ಬಂದು ಕೂರುತ್ತದೆ.

ಮೂರು ಪ್ರತಿ ಇರಲಿ: ಕಂಪ್ಯೂಟರಿನಲ್ಲಿ ಒಂದು, ಬೇರೆ ಹಾರ್ಡ್ ಡಿಸ್ಕಿನಲ್ಲಿ ಒಂದು, ಮನೆಯಿಂದ ಹೊರಗೆ ಒಂದು. ಆ ಹೊರಗಿನದು ಕ್ಲೌಡ್ ಆಗಬಹುದು, ರಜೆಗೆ ಹೋದಾಗ ಊರಿನ ಬೀರುವಿನಲ್ಲಿ ಬಿಟ್ಟು ಬರುವ ಡಿಸ್ಕೂ ಆಗಬಹುದು. ವಾಟ್ಸಾಪಿನಲ್ಲಿ ಕಳಿಸಿದ್ದನ್ನೇ ಪ್ರತಿ ಅಂತ ನೆಚ್ಚಬೇಡಿ, ಅದು ಚಿತ್ರವನ್ನು ಕುಗ್ಗಿಸಿ ಕಳಿಸುತ್ತದೆ.

ವರ್ಷಕ್ಕೆ ಇಪ್ಪತ್ತು ಫೋಟೋನಾದರೂ ಪ್ರಿಂಟ್ ಹಾಕಿಸಿ. ಹಿಂದೆ ಪೆನ್ಸಿಲಿನಲ್ಲಿ ಯಾರು, ಎಲ್ಲಿ, ಯಾವಾಗ ಅಂತ ಕನ್ನಡದಲ್ಲಿ ಬರೆಯಿರಿ. ಇಲ್ಲಿ ಹುಟ್ಟಿ ಬೆಳೆಯುವ ಮಕ್ಕಳಿಗೆ ಸೋದರಮಾವ ಯಾರು, ಚಿಕ್ಕಜ್ಜಿ ಯಾರು ಅಂತ ಮುಖ ನೋಡಿ ಗುರುತಿಸೋದು ಕಷ್ಟ. ಹೆಸರಿದ್ದರೆ ಕೇಳ್ತಾರೆ, ಕೇಳಿದರೆ ನಾವು ಹೇಳ್ತೀವಿ. ಅಕ್ಷರ ಕಲಿಯುವ ಮಗುವಿನ ಕೈಯಲ್ಲೇ ಬರೆಸಿದರೆ ಇನ್ನೂ ಒಳ್ಳೆಯದು.

ಮುಂದಿನ ಸಲ ಸೇರುವಾಗ ಒಂದು ಕೆಲಸ ಮಾಡಿಕೊಂಡು ಬನ್ನಿ. ಹಿಮದಲ್ಲಿ ನಮ್ಮವರೊಬ್ಬರ ಮುಖ ಸ್ಪಷ್ಟವಾಗಿ ಕಾಣುವ ಒಂದೇ ಒಂದು ಪ್ರಿಂಟು, ಹಿಂದೆ ಹೆಸರು ಬರೆದದ್ದು. ಎಲ್ಲವನ್ನೂ ಮೇಜಿನ ಮೇಲೆ ಹರವಿ ನೋಡೋಣ. ಫೋನಿನಲ್ಲಿ ಆ ಸೂರ್ಯನ ಗುರುತು ಎಲ್ಲಿದೆ ಅಂತ ಸಿಗದವರು ಈಗಲೇ ಮುಂದೆ ಬನ್ನಿ, ಕಾಫಿ ಬರುವಷ್ಟರಲ್ಲಿ ತೋರಿಸಿಕೊಡ್ತೀನಿ.